ಬಕ್ಕಪ್ಪ ಸರ್ ಹಂಚುವ ಫೈವ್ ನೈನ್

ನಮ್ಮ ಯಜಮಾನರು ಬಕ್ಕಪ್ಪ ಸರ್ ಬೀದರಿನ ದೊಡ್ಡ ರೇಡಿಯೋ ಪಂಡಿತರು. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳಿಕೊಳ್ಳುತ್ತಾರೆ. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಬರೀ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಊರಿಂದೂರಿಗೆ ಮಾತಾಡುವವರನ್ನು ಹ್ಯಾಮ್ ಅನ್ನುತ್ತಾರೆ. ಬೀದರ್, ಭಾಲ್ಕಿ, ಔರಾದ ಸೇರಿಸಿ ಅಂಥವರದೊಂದು ವಾಟ್ಸಾಪ್ ಗುಂಪಿದೆ, ಅದಕ್ಕೆ ಇವರು ಗುರುಗಳು. ಕಿಟ್ ತರಿಸಿ ಮನೆಯಲ್ಲೇ ರೇಡಿಯೋ ಜೋಡಿಸುವುದು ಹೇಗೆ ಎಂದು ಪ್ರತಿ ಭಾನುವಾರ ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು ಗುಂಪಿಗೆ ಉಪದೇಶ ಕಳಿಸುತ್ತಾರೆ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅಡುಗೆಮನೆಯಿಂದಲೇ ಕೇಳಿ ಕೇಳಿ ಆ ಉಪದೇಶವೆಲ್ಲ ನನಗೂ ಬಾಯಿಪಾಠವಾಗಿದೆ.

ಪಾರ್ಟುಗಳನ್ನು ಬೇರೆ ಬೇರೆ ಬಟ್ಟಲಲ್ಲಿ ಹಾಕಿಟ್ಟುಕೊಳ್ಳಿ ಅನ್ನುತ್ತಾರೆ. ಬೋರ್ಡಿಗೆ ಗಿಡ್ಡ ಪಾರ್ಟು ಮೊದಲು ಕೂರಿಸಿ, ಎತ್ತರದ್ದು ಕೊನೆಗೆ. ಪಾರ್ಟಿನ ಕಾಲು, ಬೋರ್ಡು ಎರಡನ್ನೂ ಬಿಸಿ ಮಾಡಿ ಆಮೇಲೆ ಬೆಸುಗೆ ತಂತಿ ಮುಟ್ಟಿಸಿ. ಕಾಯಿಲ್ ಸುತ್ತುವ ತಾಮ್ರದ ತಂತಿಯ ಮೇಲಿನ ವಾರ್ನಿಶ್ ಕೆರೆಯದೆ ಬೆಸುಗೆ ಹಾಕಬೇಡಿ. ಕೆಪಾಸಿಟರ್ ಮೈಮೇಲೆ ಪಟ್ಟೆ ಇರುವ ಕಡೆಯದು ಮೈನಸ್, ತಿರುವುಮುರುವು ಮಾಡಬೇಡಿ. ಎಲ್ಲ ಮುಗಿದ ಮೇಲೂ ಆತುರಪಟ್ಟು ಏರಿಯಲ್ ತಂತಿ ಸಿಕ್ಕಿಸಬೇಡಿ, ಮೊದಲು ಡಮ್ಮಿ ಲೋಡ್ ಮೇಲೆ ಪರೀಕ್ಷೆ ಮಾಡಿ. ಡಮ್ಮಿ ಲೋಡ್ ಅಂದರೆ ರೇಡಿಯೋದಿಂದ ಹೊರಡುವ ಪವರನ್ನೆಲ್ಲ ತಾನೇ ನುಂಗಿ ಬಿಸಿಯಾಗುವ ಒಂದು ದಪ್ಪ ರೆಸಿಸ್ಟರ್. ಅದನ್ನು ಹಾಕಿದಾಗ ನೀವು ಎಷ್ಟು ಅರಚಿದರೂ ದನಿ ನಿಮ್ಮ ಮನೆ ಅಂಗಳ ದಾಟುವುದಿಲ್ಲ.

ಮಾತೆಲ್ಲ ಸರಿಯೇ. ಕಿಟ್ ಜೊತೆ ಬರುವ ಕಾಗದದಲ್ಲಿ ಅಷ್ಟೂ ಬರೆದಿರುತ್ತದೆ, ಇವರು ಅದನ್ನೇ ಓದಿ ಹೇಳುತ್ತಾರೆ. ಸ್ವತಃ ಮಾಡಿದ್ದು ಒಂದೇ ಒಂದು ಕಿಟ್. ಅದರಲ್ಲಿ ಪಟ್ಟೆ ನೋಡದೆ ಕೆಪಾಸಿಟರ್ ಉಲ್ಟಾ ಹಾಕಿ, ಬೀಗರು ಬಂದು ಕೂತಿದ್ದಾಗಲೇ ಅದನ್ನು ಢಂ ಅನ್ನಿಸಿದರು. ಆ ಸುಟ್ಟ ವಾಸನೆ ನನ್ನ ಜೋಳದ ಹಿಟ್ಟಿನ ಡಬ್ಬಿಯವರೆಗೆ ಹೊಕ್ಕಿತ್ತು. ಆಮೇಲೆ ಹೈದರಾಬಾದಿಗೆ ಹೋಗಿ ರೆಡಿಮೇಡ್ ರೇಡಿಯೋ ತಂದು, ಅದಕ್ಕೊಂದು ತಗಡಿನ ಡಬ್ಬಿ ಮಾಡಿಸಿ, ಸ್ವಂತ ಕೈಯಿಂದ ಕಟ್ಟಿದ್ದು ಅಂತ ಊರಿಗೆಲ್ಲ ಸಾರಿದರು. ಮಾಳಿಗೆಯ ಮೇಲೆ ಏರಿಯಲ್ ಕಟ್ಟಿದವನೂ ಕೂಲಿಯವನೇ. ಪಡಸಾಲೆಯ ಮೇಜಿನ ಮೇಲೆ, ನಾನು ಹೆಣೆದ ಕ್ರೋಶಾ ಬಟ್ಟೆ ಹೊದ್ದು ಆ ರೇಡಿಯೋ ಮಲಗಿರುತ್ತದೆ. ಮಂದಿ ಬಂದಾಗ ಮಾತ್ರ ಅದಕ್ಕೆ ಎಚ್ಚರ.

ಇನ್ನು ಫೈವ್ ನೈನ್ ವಿಷಯ. ಹ್ಯಾಮ್‌ಗಳಲ್ಲಿ ಒಬ್ಬರು ಮಾತಾಡಿದರೆ ಕೇಳಿದವರು ರಿಪೋರ್ಟ್ ಕೊಡಬೇಕು. ಮಾತು ಎಷ್ಟು ಸ್ಪಷ್ಟ ಅನ್ನುವುದಕ್ಕೆ ಐದರಲ್ಲಿ ಇಷ್ಟು, ಎಷ್ಟು ಜೋರು ಅನ್ನುವುದಕ್ಕೆ ಒಂಬತ್ತರಲ್ಲಿ ಇಷ್ಟು. ಫೈವ್ ನೈನ್ ಅಂದರೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಮನೆಯಲ್ಲಿ ಕಿಟ್ ಕಟ್ಟಿದವನಿಗೆ ಇನ್ನೊಂದೂರಿನಿಂದ ಬರುವ ಈ ರಿಪೋರ್ಟೇ ಗತಿ. ತನ್ನ ರೇಡಿಯೋ ಗೋಡೆ ದಾಟಿತೋ ಇಲ್ಲವೋ ಎಂದು ಅವನಿಗೆ ಬೇರೆ ಹೇಗೆ ಗೊತ್ತಾಗಬೇಕು? ನಮ್ಮ ಸರ್ ಮಾತ್ರ ಎಲ್ಲರಿಗೂ ಫೈವ್ ನೈನ್ ಕೊಡುತ್ತಾರೆ, ಪ್ರಸಾದ ಹಂಚಿದ ಹಾಗೆ. ಕೊಡುವುದಕ್ಕೆ ಕೇಳಿಸಿಕೊಳ್ಳಲೇಬೇಕು ಎಂಬ ನಿಯಮವನ್ನೂ ಅವರು ಇಟ್ಟುಕೊಂಡಿಲ್ಲ. ತೆಗೆದುಕೊಂಡವರು ಸರ್, ಸರ್ ಅನ್ನುತ್ತಾ ಹಿಂದೆ ಬಿದ್ದಿರುತ್ತಾರೆ. ಅದೇ ಅವರಿಗೆ ಬೇಕಾದದ್ದು.

ಭಾಲ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅಜರನನ್ನೇ ನೋಡಿ. ಆತುರಗಾರ. ಒಂದೇ ಬೈಠಕ್‌ನಲ್ಲಿ ಕಿಟ್ ಮುಗಿಸಿ ಬೋರ್ಡಿನ ಫೋಟೋ ಗುಂಪಿಗೆ ಹಾಕಿದ. ಬೆಸುಗೆ ಹಾಕಿದ್ದಾನೋ ಬೆಲ್ಲದ ಪಾಕ ಸುರಿದಿದ್ದಾನೋ ತಿಳಿಯದು. ಅವನಿಗೂ ನಮ್ಮವರು ಫೈವ್ ನೈನ್, ಅದರ ಮೇಲೊಂದು ಪ್ಲಸ್ಸೂ ಸೇರಿಸಿ ಕೊಟ್ಟರು. ಅವನು ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ.

ಹೀಗೆ ಒಬ್ಬರಿಗೊಬ್ಬರು ಚಪ್ಪಾಳೆ ತಟ್ಟಿಕೊಂಡು ಸುಖವಾಗಿದ್ದ ಗುಂಪಿಗೆ ಔರಾದಿನ ಪ್ರಣಾಲಿ ಸೇರಿದಳು. ಅಲ್ಲಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಹುಡುಗಿ. ಊರು ಡಾಬಕಾ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಹೋದ ಮಳೆಗಾಲದಲ್ಲಿ ಅವಳಪ್ಪ ಗೋರಖನಾಥರಿಗೆ ಲಕ್ವ ಹೊಡೆದಾಗ ಕರೆಂಟಿಲ್ಲ, ಮೊಬೈಲ್ ಟವರ್ ಸತ್ತಿತ್ತು. ಜೀಪಿನಲ್ಲಿ ಹಾಕಿಕೊಂಡು ಹೊರಟರೆ ಮುಂದೆ ಹಳ್ಳ ಬಂದು ರಸ್ತೆ ಮುಚ್ಚಿದೆ. ತಿರುಗಿ ಇನ್ನೊಂದು ರಸ್ತೆ ಹಿಡಿದರೆ ಅದೂ ಬಂದ್. ಯಾವ ದಾರಿ ತೆರೆದಿದೆ ಎಂದು ಒಂದು ಮಾತು ಹೇಳುವವರಿದ್ದರೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುತ್ತಿದ್ದರಂತೆ. ಜೀವ ಉಳಿಯಿತು, ಒಂದು ಕೈ ಒಂದು ಕಾಲಿನ ಬಲ ಉಳಿಯಲಿಲ್ಲ. ಈ ಸಲ ಜೂನಿನ ಮಿರಗದ ಮಳೆ ಹಿಡಿಯುವುದರೊಳಗೆ ಬೀದರಿಗೆ ದನಿ ಮುಟ್ಟುವಂಥ ರೇಡಿಯೋ ಡಾಬಕಾದ ಮನೆಯಲ್ಲಿಡಬೇಕು ಎಂದು ಅವಳು ಪರೀಕ್ಷೆ ಪಾಸಾಗಿ, ಲೈಸೆನ್ಸ್ ತೆಗೆದುಕೊಂಡು, ಕಿಟ್ ತರಿಸಿದ್ದಳು. ಬೀದರಿನಲ್ಲಿ ನಾನಿದ್ದೇನೆ, ಯಾವಾಗ ಕೂಗಿದರೂ ಕೇಳುತ್ತೇನೆ ಎಂದು ನಮ್ಮ ಸರ್ ಗುಂಪಿನಲ್ಲಿ ಎಲ್ಲರೆದುರು ಮಾತು ಕೊಟ್ಟರು.

ಅವಳ ಪ್ರಶ್ನೆಗಳೆಂದರೆ ಇವರಿಗೆ ತಲೆನೋವು. ಕಾಯಿಲ್ ಸುತ್ತುವ ಉಂಗುರದೊಳಗಿಂದ ತಂತಿ ಒಮ್ಮೆ ಹಾದರೆ ಒಂದು ಸುತ್ತು ಅಂತ ಎಣಿಸಬೇಕೋ, ಪೂರ್ತಿ ಬಳಸಿ ಬಂದರೆ ಒಂದೋ? ಏರಿಯಲ್ ತಂತಿಯ ಎರಡೂ ತೋಳು ಸಮ ಇರಲೇಬೇಕೋ? ಇವರು ಕಾಗದ ಹುಡುಕಿ ಉತ್ತರ ಹೇಳಿ, ಫೋನಿಟ್ಟ ಮೇಲೆ ಇಷ್ಟು ಕೇಳುವವರು ಜನ್ಮದಲ್ಲಿ ಕಿಟ್ ಮುಗಿಸುವುದಿಲ್ಲ ಎಂದು ಗೊಣಗುತ್ತಿದ್ದರು. ಅವಳು ಮುಗಿಸಿದಳು.

ಒಂದು ಭಾನುವಾರ ಬೆಳಿಗ್ಗೆ ಯಜಮಾನರು ಚುರುಮುರಿ ಒಗ್ಗರಣೆಯ ಸುಸಲಾ ತಿನ್ನುತ್ತಾ ಕೂತಿದ್ದರು, ಎಡಗೈಯಲ್ಲಿ ಫೋನು. ಗುಂಪಿನಲ್ಲಿ ಪ್ರಣಾಲಿ ಬರೆದಿದ್ದಳು: ಇವತ್ತು ಮೊದಲ ಸಲ ಮೈಕ್ ಹಿಡಿದು ಮಾತಾಡಿದೆ ಸರ್, ಡಮ್ಮಿ ಲೋಡ್ ಮೇಲೆ, ಪವರ್ ಸರಿಯಾಗಿ ಬರುತ್ತಿದೆ. ನಮ್ಮವರು 'ಮಾತಾಡಿದೆ ಸರ್' ಅನ್ನುವವರೆಗೆ ಓದಿದರು ಅನ್ನಿಸುತ್ತದೆ. ಹೆಬ್ಬೆರಳಲ್ಲೇ ಒತ್ತಿದರು: ಫೈವ್ ನೈನ್ ಪ್ಲಸ್, ಬೀದರಿನಲ್ಲಿ ಗಂಟೆ ಹೊಡೆದಂತೆ ಕೇಳಿತು, ಶಭಾಷ್. ಗುಂಪಿನ ತುಂಬ ಚಪ್ಪಾಳೆಯ ಕೈಗಳು ಬಂದವು. ರೇಡಿಯೋ ಕ್ರೋಶಾ ಹೊದ್ದು ಮಲಗಿತ್ತು. ನಾನು ಇನ್ನೊಂದು ಸೌಟು ಸುಸಲಾ ಬಡಿಸಿದೆ.

ಬೇರೆ ಯಾರಾದರೂ ಆಗಿದ್ದರೆ ಖುಷಿಪಟ್ಟು ಸುಮ್ಮನಾಗುತ್ತಿದ್ದರು. ಇವಳು ಗಾಬರಿಯಾಗಿ ಫೋನ್ ಮಾಡಿದಳು. ಏರಿಯಲ್ ತಂತಿ ಇನ್ನೂ ಸಿಕ್ಕಿಸಿಯೇ ಇಲ್ಲ, ಲೋಡ್ ಮೇಲೆ ಮಾತಾಡಿದ್ದು ಬೀದರಿಗೆ ಹೇಗೆ ಬಂತು, ನನ್ನ ರೇಡಿಯೋದಲ್ಲಿ ಏನೋ ದೊಡ್ಡ ದೋಷವಿದೆಯಲ್ಲವೇ ಎಂದು ಕೇಳಿದಳು. ಪಾಪದ ಹುಡುಗಿ, ಗುರುವಿನ ಮೇಲೆ ಸಂಶಯವೇ ಬರಲಿಲ್ಲ ಅವಳಿಗೆ. ನಮ್ಮ ಮಹಾನುಭಾವರು ಒಂದು ನಿಮಿಷ ಕೆಮ್ಮಿದರು. ಆಮೇಲೆ ಗಂಭೀರವಾಗಿ, ಹೌದು, ಲೀಕ್ ಇದೆ, ಕಾಯಿಲ್‌ಗಳನ್ನೆಲ್ಲ ಕಿತ್ತು ಮತ್ತೆ ಸುತ್ತಿ ಹಾಕಬೇಕು ಅಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಫೋನಿಟ್ಟ ಕೂಡಲೇ, ಸರಿಯಿರುವ ವಸ್ತುವನ್ನು ಕೀಳಿಸುತ್ತೀರಲ್ಲ, ತಪ್ಪಾಯಿತು ಓದಲಿಲ್ಲ ಅಂದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೇಳಿದೆ. ಗುಂಪಿನಲ್ಲಿ ನನ್ನ ಮರ್ಯಾದೆಯ ಪ್ರಶ್ನೆ, ನಿನಗೆ ಟೆಕ್ನಿಕಲ್ ವಿಷಯ ತಿಳಿಯುವುದಿಲ್ಲ ಅಂದರು. ಮಳೆ ಬರುವುದರೊಳಗೆ ಅವಳು ಮತ್ತೆ ಕಟ್ಟಲಾದೀತೇ ಎಂದರೆ, ಮುಂದಿನ ವರ್ಷವೂ ಮಳೆ ಬರುತ್ತದೆ ಅಂದರು. ಎದ್ದು ಕೈ ತೊಳೆಯಲು ಹೋದರು.

ನಾನು ಅವರ ಫೋನಿನಿಂದ ನಂಬರ್ ನೋಡಿಕೊಂಡು ನನ್ನ ಫೋನಿನಿಂದ ಪ್ರಣಾಲಿಗೆ ಹಚ್ಚಿದೆ. ಬೆಸುಗೆ ಬಿಚ್ಚುವುದಕ್ಕೆ ಆಗಲೇ ಸೋಲ್ಡರಿಂಗ್ ಕಡ್ಡಿಗೆ ಕರೆಂಟ್ ಹಾಕಿ ಕೂತಿದ್ದಳು.

"ಏನೂ ಕೀಳಬ್ಯಾಡ ತಂಗಿ," ಅಂದೆ. "ನಿನ್ನ ರೇಡಿಯೋದಾಗ ಯಾವ ಲೀಕೂ ಇಲ್ಲ. ಆ ಹೊತ್ತಿನಾಗ ನಮ್ಮ ಮನಿ ರೇಡಿಯೋ ಚಾಲೂನೇ ಇದ್ದಿಲ್ಲ. ನಿಮ್ಮ ಸರ್ ಸುಸಲಾ ತಿನ್ಲಿಕತ್ತಿದ್ರು."

ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಾನೂ ದನಿಗೂಡಿಸುತ್ತಿದ್ದೆ.

"ಅಕ್ಕೋರೆ," ಅಂದಳು, "ಹಂಗಾದ್ರ ಹಳ್ಳ ಬಂದಾಗ ನಾ ಡಾಬಕಾದಿಂದ ಕೂಗಿದ್ರ, ಅಲ್ಲಿ ಕೇಳೋರು ಯಾರ್ರಿ?"

ಇಷ್ಟು ವರ್ಷ ಈ ಮನೆಯ ನಾಟಕ ನೋಡಿ ಮೂಗು ಮುರಿಯುವುದೊಂದೇ ನಾನು ಮಾಡಿದ ಕೆಲಸ. ನಾಳೆ ಬೆಳಿಗ್ಗೆ ತಂತಿ ಕಟ್ಟಿ ಮಾತಾಡು, ನಾನು ಕೂತು ಕೇಳುತ್ತೇನೆ ಅಂದೆ. ನನಗೆ ಲೈಸೆನ್ಸ್ ಇಲ್ಲ, ಮೈಕ್ ಮುಟ್ಟುವಂತಿಲ್ಲ, ಸದ್ಯ ಕೇಳಿದ್ದನ್ನು ಫೋನಿನಲ್ಲಿ ಹೇಳುತ್ತೇನೆ, ಟವರ್ ಸತ್ತ ದಿನ ಉತ್ತರ ಹೇಳಲು ಇವರನ್ನೇ ಎಳೆದು ಮೈಕ್ ಮುಂದೆ ಕೂರಿಸುತ್ತೇನೆ ಎಂದೂ ಹೇಳಿದೆ. ನನಗೆ ಮೊದಲೇ ಗೊತ್ತಿರುವಂಥದ್ದೇನನ್ನೂ ಮಾತಾಡಬೇಡ ಅಂತ ಶರತ್ತು ಹಾಕಿದೆ. ಮಕ್ಕಳಿಗೆ ಉಕ್ತಲೇಖನ ಬರೆಸಿದವಳು ನಾನು, ಪಾಠದ ಹೊರಗಿನದು ಕೊಟ್ಟಾಗಲೇ ಯಾರು ಕೇಳಿಸಿಕೊಂಡರು ಎಂದು ತಿಳಿಯುವುದು.

ಮರುದಿನ ನಾನು ಕ್ರೋಶಾ ಬಟ್ಟೆ ತೆಗೆದು ರೇಡಿಯೋ ಹಚ್ಚಿದೆ. ಯಜಮಾನರು ಹಾಳು ಮಾಡುತ್ತೀ ಎಂದು ಕೂಗಾಡಿ, ನಾನು ತಿರುಗಿ ನೋಡದಿದ್ದಾಗ ಫೋನ್ ಹಿಡಿದುಕೊಂಡು ಹೊರಗೆ ಕಟ್ಟೆಯ ಮೇಲೆ ಕೂತರು. ರೇಡಿಯೋದಿಂದ ಎಣ್ಣೆಯಲ್ಲಿ ಭಜ್ಜಿ ಬಿಟ್ಟಂತೆ ಒಂದೇ ಸಮ ಚುರ್ರ್ ಅನ್ನುವ ಸದ್ದು. ಇನ್ವರ್ಟರ್ ಆರಿಸಿದೆ, ಸ್ವಲ್ಪ ಇಳಿಯಿತು. ಎಲ್‌ಇಡಿ ದೀಪ ಆರಿಸಿದೆ, ಇನ್ನಷ್ಟು ಇಳಿಯಿತು. ಗುರುಗಳ ಉಪದೇಶದಲ್ಲಿ ಇದು ಯಾಕೆ ಎಂದೂ ಬರಲಿಲ್ಲ ಅಂದರೆ, ಅವರು ಕೇಳಿಸಿಕೊಳ್ಳಲು ಕೂತಿದ್ದರೆ ತಾನೇ. ಪ್ರಣಾಲಿ ಹೇಳಿದ್ದ ಅಂಕಿಯ ಸುತ್ತ ಗುಂಡಿಯನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಾ ಕಿವಿ ಹಚ್ಚಿ ಕೂತೆ.

ಮೊದಲು ಏನೂ ಇಲ್ಲ. ಆಮೇಲೆ ಸದ್ದಿನ ಅಡಿಯಲ್ಲಿ ಯಾರೋ ಬಾವಿಯೊಳಗಿಂದ ಮಾತಾಡಿದಂತೆ ಹೆಣ್ಣುದನಿ. ಹೋಗುತ್ತದೆ, ಬರುತ್ತದೆ. ಪ್ರಣಾಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಕಣ್ಣು ಮುಚ್ಚಿ ಕೇಳಿ, ಸಿಕ್ಕ ಮಾತುಗಳನ್ನು ಹಿಡಿದುಕೊಂಡು ಅವಳಿಗೆ ಫೋನ್ ಮಾಡಿದೆ.

"ಅಪ್ಪ ಅಂದಿ. ನಡುವ ಏನೋ ಹೋತು. ಕೋಲು ಅಂದಿ. ಕಡೀಕ ಬಾಗಲ ತನಕಾ ಅಂದಿ. ಉಳಿದಿದ್ದು ನನಗ ಕೇಳ್ಸಿಲ್ಲ. ಮೂರು, ಎರಡು. ಐದರಾಗ ಮೂರು, ಒಂಬತ್ತರಾಗ ಎರಡು, ಅದಕ್ಕಿಂತ ಹೆಚ್ಚಿಗಿ ನಾ ಕೊಡಂಗಿಲ್ಲ."

ಅವಳು ಗಟ್ಟಿಯಾಗಿ ನಕ್ಕಳು, ನಗುತ್ತಲೇ ಅತ್ತಳು. ನಿನ್ನೆ ಅಪ್ಪ ಕೋಲಿಲ್ಲದೆ ಬಾಗಿಲ ತನಕ ನಡೆದರು ಎಂದು ಹೇಳಿದ್ದಂತೆ. ಅಷ್ಟು ಮಾತು ಬೀದರಿಗೆ ಮುಟ್ಟಿದ್ದು ಖರೆ ತಾನೇ ಎಂದು ಮತ್ತೆ ಮತ್ತೆ ಕೇಳಿದಳು. ತಂತಿ ಇನ್ನೂ ಎತ್ತರಕ್ಕೆ ಕಟ್ಟುತ್ತೇನೆ, ನಾಳೆಯೂ ಕೂರುತ್ತೀರಾ ಅಂದಳು. ದಿನಾ ಕೂರುತ್ತೇನೆ ಅಂದೆ. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಮಹಾನುಭಾವರು ನಮ್ಮ ಮಾತು ಕೇಳಿಸಿಕೊಂಡು ತಮ್ಮ ಕೆಲಸ ಮುಗಿಸಿದ್ದರು. ನನ್ನ ಮಾರ್ಗದರ್ಶನದಲ್ಲಿ ಔರಾದಿನ ಸ್ಟೇಷನ್ ಶುರುವಾಗಿದೆ, ಬೀದರಿನಲ್ಲಿ ಫೈವ್ ನೈನ್ ಪ್ಲಸ್ ಎಂದು ಗುಂಪಿಗೆ ಹಾಕಿಬಿಟ್ಟಿದ್ದರು. ಎಂದಿನಂತೆ ಚಪ್ಪಾಳೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವರೇ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಬಂದು ಫೋನನ್ನು ನನ್ನ ಮೂಗಿಗೆ ಹಿಡಿದರು. ಚಪ್ಪಾಳೆಗಳ ಕೆಳಗೆ ಪ್ರಣಾಲಿ ಬರೆದಿದ್ದಳು: ಕೇಳಿದ್ದು ಸರ್ ಅಲ್ಲ, ಅಕ್ಕೋರು. ರಿಪೋರ್ಟ್ ಮೂರು, ಎರಡು.

ಇದು ಬರೀ ಚೇಷ್ಟೆ ಅಂತ ನೀನೇ ಗುಂಪಿಗೆ ಹೇಳಿ ಮುಗಿಸು, ನನ್ನ ಮಾನ ಉಳಿಸು ಎಂದರು. ನಾನು ರೇಡಿಯೋದ ಗುಂಡಿ ತಿರುಗಿಸುತ್ತಾ ಕೂತೆ. ಚಪ್ಪಾಳೆ ಹೊಡೆದವರಲ್ಲಿ ಕೆಲವರು ಅದನ್ನು ಅಳಿಸಿದರು.

ಕೊನೆಗೆ ಬರೆದವನು ಅಜರ. ಅವನಾದರೂ ತಮ್ಮ ಪರ ನಿಲ್ಲುತ್ತಾನೆ ಎಂದು ಯಜಮಾನರು ಗಟ್ಟಿಯಾಗಿಯೇ ಓದಲು ಶುರುಮಾಡಿದರು: "ಅಕ್ಕೋರೆ ಸಲಾಂ. ಪುರಸತ್ ಇದ್ರ ನಂದೂ ಒಮ್ಮಿ ಕೇಳ್ತೀರೇನ್ರಿ? ಕೇಳ್ಸಿಲ್ಲಂದ್ರ ಕೇಳ್ಸಿಲ್ಲಂತೇ ಹೇಳ್ರಿ."

ಅವನು ಬರೆದದ್ದರ ಕೆಳಗೆ ಸಂತಪುರದವನೊಬ್ಬ ನಂದೂ ಅಂದ. ಠಾಣಾ ಕುಶನೂರದವನೊಬ್ಬ ನಂದೂ ಅಂದ. ಯಜಮಾನರು ಓದುವುದನ್ನು ನಿಲ್ಲಿಸಿ ಮೇಜಿನ ಪಕ್ಕದಲ್ಲಿ ನಿಂತೇ ಇದ್ದರು.

"ಇವರಿಗೆಲ್ಲ ನೀ ಮೂರು ಎರಡೇ ಕೊಡ್ತಿ ಏನು?" ಅಂದರು.

"ಕೇಳ್ಸಿದ್ರ ಕೊಡ್ತೇನಿ," ಅಂದೆ.