ಗಾಜಿನ ತಟ್ಟೆಯ ಖಾಲಿ ವೃತ್ತ

ಏಳನೆಯ ತರಗತಿಯನ್ನೂ ಮುಗಿಸದ ಹುಡುಗಿಯೊಬ್ಬಳು ಔಷಧಿ ಕಂಡುಹಿಡಿದಳು. ಒಂದು ರಾತ್ರಿಯ ಮಟ್ಟಿಗೆ.

ಪ್ರಯೋಗಾಲಯದಲ್ಲಿ ಅವಳದು ಸೀಸೆ ತೊಳೆಯುವ ಕೆಲಸ. ಮೊನ್ನೆ ಮೊನ್ನೆ ಅಲ್ಲಿನ ವಿಜ್ಞಾನಿ ಮೇಡಂ ಅವಳನ್ನು ಒಳಕೋಣೆಗೆ ಕರೆದು ಕುರ್ಚಿ ಕೊಟ್ಟಿದ್ದರು. ರೋಗದ ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯಲ್ಲಿ, ಕಡಲ ಕೆಸರಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಚುಕ್ಕೆ ಚುಕ್ಕೆಯಾಗಿ ಇಡಬೇಕು. ಯಾವ ಚುಕ್ಕೆಯ ಸುತ್ತ ರೋಗದ್ದು ಸತ್ತು ಖಾಲಿ ವೃತ್ತ ಮೂಡುತ್ತದೋ, ಅದರಲ್ಲಿ ಔಷಧಿ ಇದ್ದೀತು. ಕುರ್ಚಿ ಸಿಕ್ಕಿದ್ದೇ ಅವಳಿಗೆ ಕೊಂಬು ಬಂತು. ತೊಳೆಯುವ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ಸಂಜೆ ಅಂಚಿನ ಚುಕ್ಕೆಯ ಸುತ್ತ ವೃತ್ತ ಮೂಡಿತ್ತು. ಅಂಗಿ ಗುಂಡಿಯಷ್ಟು ಅಗಲ.

"ಲೇ ಮೌನಿ, ಬಾರೇ ಇಲ್ಲಿ!" ಮೇಡಂ ಕೂಗಿದರು. ಮಾತೇ ಆಡದವಳಿಗೆ ಅವರೇ ಇಟ್ಟ ಹೆಸರದು. "ನಾಳೆ ನಿರ್ದೇಶಕರಿಗೆ ತೋರಿಸ್ತೀನಿ. ಚುಕ್ಕೆ ಇಟ್ಟಿದ್ದು ನೀನೇ ಅಂತಾನೂ ಹೇಳ್ತೀನಿ."

ವಿಷಯ ಕೇಳಿದ್ದೇ ತಡ, ಅಮ್ಮ ಪಕ್ಕದ ಮನೆಯ ಬಾಗಿಲು ತಟ್ಟಿದಳು. "ನನ್ನ ಮಗಳು ಔಷಧಿ ಕಂಡುಹಿಡಿದಿದಾಳೆ ಕಣ್ರೀ!"

"ಯಾವ ಕಾಯಿಲೆಗೆ?"

"ಎಲ್ಲಾದಕ್ಕೂ!"

ಮಗಳು ತಿದ್ದಲಿಲ್ಲ. ಪಕ್ಕದ ಮನೆಯವರು ನಾಚಿಕೆ ಸ್ವಭಾವ ಎಂದುಕೊಂಡರು. ನಿಜವೆಂದರೆ, ಕೇಳಲು ಹಿತವಾಗಿತ್ತು.

ಬೆಳಿಗ್ಗೆ, ನಿರ್ದೇಶಕರ ಮುಂದೆ ನಿಲ್ಲಬೇಕಾದ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡಳು. ಗಲ್ಲದ ಮೊಡವೆ ಬತ್ತಿಹೋಗಿತ್ತು. ಹಚ್ಚಿದ ಮುಲಾಮು ಭೇಷ್ ಎಂದುಕೊಂಡಳು. ಮರುಕ್ಷಣ ಕೈಗವಸು ನೆನಪಾಯಿತು.

ಕೈಗವಸು ಹಾಕಿದ ಕೈ ಶುದ್ಧ ಕೈ, ಮೊಡವೆಗೆ ಅದೇ ಒಳ್ಳೆಯದು ಎಂಬ ಜಾಣತನದಲ್ಲಿ, ಚುಕ್ಕೆ ಇಟ್ಟ ದಿನ ಕೈಗವಸಿನಲ್ಲೇ ಮುಲಾಮು ಹಚ್ಚಿಕೊಂಡಿದ್ದಳು. ಆಮೇಲೆ ಅದೇ ಬೆರಳು ತಟ್ಟೆಯ ಅಂಚಿನ ಚುಕ್ಕೆಗೆ ತಾಗಿತ್ತು. ಬ್ಯಾಕ್ಟೀರಿಯಾ ಕೊಲ್ಲುವುದೇ ಆ ಮುಲಾಮಿನ ಕೆಲಸ.

ಸುಮ್ಮನಿದ್ದರೆ ಕುರ್ಚಿ. ಬಾಯಿಬಿಟ್ಟರೆ ತೊಟ್ಟಿ. ಹುಟ್ಟಿದಾಗಿನಿಂದ ಸುಮ್ಮನಿದ್ದು ಅಭ್ಯಾಸವಾದವಳಿಗೆ ಇದೇನು ಕಷ್ಟ? ಆದರೆ ನಿರ್ದೇಶಕರ ಬಾಗಿಲಲ್ಲಿ ಮೇಡಂ ತಟ್ಟೆಯನ್ನು ಎಳೆಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದರು.

"ಮೇಡಂ, ಅದು... ಕಡಲಿಂದಲ್ಲ. ನನ್ನ ಮುಖದ್ದು."

"ಏನೇ ಹಾಗಂದ್ರೆ?"

ಚೀಲದಿಂದ ಮುಲಾಮಿನ ಟ್ಯೂಬು ತೆಗೆದು ಕೊಟ್ಟು, ಕಣ್ಣು ಮುಚ್ಚಿಕೊಂಡು ಎಲ್ಲ ಹೇಳಿಬಿಟ್ಟಳು.

ಮೇಡಂ ಬಾಗಿಲು ತಟ್ಟದೆ ಹಿಂತಿರುಗಿದರು. ಒಳಕೋಣೆಗೆ ಹೋಗಿ ಹೊಸ ತಟ್ಟೆಯಲ್ಲಿ ಒಂದು ಕಡೆ ಕಡಲಿನ ಚುಕ್ಕೆ, ಇನ್ನೊಂದು ಕಡೆ ಮುಲಾಮಿನ ಚುಕ್ಕೆ ಇಟ್ಟರು. ಮರುದಿನ ಕಡಲಿನದರ ಸುತ್ತ ಏನೂ ಇರಲಿಲ್ಲ. ಮುಲಾಮಿನ ಸುತ್ತ ದೊಡ್ಡ ವೃತ್ತ.

"ಶಭಾಷ್ ಕಣೇ! ಅಂಗಡಿ ಮುಲಾಮು ಕೆಲಸ ಮಾಡುತ್ತೆ ಅಂತ ಕಂಡುಹಿಡಿದೆ." ಮೇಡಂಗೆ ನಗು ತಡೆಯಲಾಗಲಿಲ್ಲ. "ಸದ್ಯ, ನನ್ನ ಮರ್ಯಾದೆ ನಿರ್ದೇಶಕರ ಬಾಗಿಲ ಹೊರಗೇ ಉಳೀತು. ಸೋಮವಾರದವರೆಗೆ ತೊಟ್ಟಿ. ಆಮೇಲೆ ಕುರ್ಚಿಗೆ ಬಾ, ಮುಲಾಮು ಮನೇಲಿ ಬಿಟ್ಟು."

ಸಂಜೆ ಪಕ್ಕದ ಮನೆಯಾಕೆ ಮೆಟ್ಟಿಲ ಬಳಿ ಕಾದಿದ್ದರು. "ನಿನ್ನ ಔಷಧಿ ಮೊಣಕಾಲು ನೋವಿಗೂ ಆಗುತ್ತೇನಮ್ಮಾ?"

"ಮೊಣಕಾಲಿಗೆ ಮೊಡವೆ ಎದ್ದರೆ ಮಾತ್ರ ಆಂಟಿ," ಎಂದಳು ಮೌನಿ.