ಝಾರ್ಕುನ್ ಗ್ರಹದಲ್ಲಿ ನೀರಿಲ್ಲ

ನಮ್ಮ ಮನರಂಜನಾ ಪಾರ್ಕಿನ ಜೌಗು ದೋಣಿ ಸವಾರಿಯನ್ನು ನೋರೀನ್ ಟಟ್‌ಹಿಲ್ ಇಪ್ಪತ್ತೆರಡು ವರ್ಷ ನಡೆಸಿದಳು. ನಾನು ಅದೇ ದೋಣಿಯ ಮೆಕ್ಯಾನಿಕ್. ಹನ್ನೊಂದು ನಿಮಿಷದ ಸುತ್ತು. ಒಂದು ತಿರುವಿನಲ್ಲಿ ಗಾಳ ಹಿಡಿದು ಗೊರಕೆ ಹೊಡೆಯುವ ಯಂತ್ರದ ಮುದುಕ, ಮುಂದಿನ ತಿರುವಿನಲ್ಲಿ ಬಾಯಿ ತೆರೆದು ಮುಚ್ಚುವ ಆರು ಯಂತ್ರದ ಮೊಸಳೆಗಳು. ನೋರೀನ್ ಹಳಸಲು ಜೋಕು ಹೇಳುತ್ತಿದ್ದಳು. ಫ್ಲಾರಿಡಾದ ಸೆಕೆಯಲ್ಲಿ ಬೆಂದುಬಂದ ಜನ ನೆರಳು ಸಿಕ್ಕಿದ್ದಕ್ಕೇ ನಗುತ್ತಿದ್ದರು.

ಆ ವರ್ಷ ಚಳಿಗಾಲದಲ್ಲಿ ಮಾಲೀಕರು ದೋಣಿಗೆ ಒಂದು ಸಿನಿಮಾ ಸರಣಿಯ ಹೆಸರು ಕೊಂಡು ತಂದರು. ಝಾರ್ಕುನ್ ಎಂಬ ಗ್ರಹದ ಕಥೆ, ಏಳು ಭಾಗ ಬಂದಿದ್ದವು. ಆ ಗ್ರಹ ಪೂರ್ತಿ ಮರಳುಗಾಡು, ಏಳೂ ಭಾಗಗಳಲ್ಲಿ ಜನ ಬಡಿದಾಡುವುದೇ ನೀರಿಗಾಗಿ ಎಂಬುದು ಮಾಲೀಕರಿಗೆ ಗೊತ್ತಾದದ್ದು ಸಹಿ ಹಾಕಿದ ಮೇಲೆ.

ಸಿನಿಮಾ ಕಂಪನಿಯವರು ಕೀಟನ್ ಎಂಬ ತೆಳ್ಳಗಿನ ಯುವಕನನ್ನು ಕಳಿಸಿದರು. ಕಥೆಗೆ ಚ್ಯುತಿ ಬಾರದಂತೆ ಕಾಯುವುದು ಅವನ ಕೆಲಸ. ನಾನೂರು ಪುಟದ ನಿಯಮಗಳ ಪುಸ್ತಕವನ್ನು ಸದಾ ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದ.

"ನೀರೇ ಇಲ್ಲ ಅಂದ್ರೆ ದೋಣಿ ಯಾವುದರ ಮೇಲಪ್ಪ ತೇಲ್ತಿದೆ?" ನೋರೀನ್ ಕೇಳಿದಳು.

"ಕರಗಿದ ಮರಳಿನ ಮೇಲೆ ಮೇಡಂ. ಮತ್ತೆ ಇದು ದೋಣಿ ಅಲ್ಲ, ಮರಳುಬಂಡಿ."

"ಜನರ ಮೈಮೇಲೆ ಹಾರತ್ತಲ್ಲ?"

"ಕರಗಿದ ಮರಳು ಹಾರತ್ತೆ."

"ಒದ್ದೆ ಆಗ್ತಾರಲ್ಲೋ!"

"ಒದ್ದೆ ಅನ್ನೋ ಪದ ಪಟ್ಟೀಲಿದೆ ಮೇಡಂ. ಹೇಳೋ ಹಾಗಿಲ್ಲ."

ಗಾಳದ ಮುದುಕನಿಗೆ ಶಿರಸ್ತ್ರಾಣ ಹಾಕಿ ಸೇನಾಪತಿ ಮಾಡಿದೆವು. ಸೇನಾಪತಿ ಗೊರಕೆ ಹೊಡೆಯುವ ಹಾಗಿಲ್ಲ ಎಂದ ಕೀಟನ್. ಗೊರಕೆ ನಿಲ್ಲಿಸಿದರೆ ಕತ್ತೂ ನಿಲ್ಲುತ್ತದೆ, ಎರಡಕ್ಕೂ ಒಂದೇ ಮೋಟರು ಎಂದೆ. ಕೀಟನ್ ಫೋನು ಹಿಡಿದು ಅರ್ಧ ದಿನ ಮಾತಾಡಿದ. ಮೂರನೇ ಭಾಗದ ಯುದ್ಧದಲ್ಲಿ ಸೇನಾಪತಿಯ ಶ್ವಾಸಕೋಶಕ್ಕೆ ಪೆಟ್ಟಾಗಿತ್ತೆಂದು ಕೊನೆಗೆ ಅಪ್ಪಣೆ ಬಂತು. ಝಾರ್ಕುನ್‌ನಲ್ಲಿ ಮೊಸಳೆಯ ಜಾತಿಯೇ ಇಲ್ಲ. ಹಾಗಾಗಿ ಆರಕ್ಕೂ ಕಂದು ತುಪ್ಪಳ ಹೊಲಿದು ಮರಳುಹಂದಿ ಎಂದು ಹೆಸರಿಟ್ಟರು. ವಾರದೊಳಗೆ ಆ ತಿರುವಿನಲ್ಲಿ ನೆನೆದ ನಾಯಿಯ ವಾಸನೆ ಹಿಡಿಯಿತು.

ನೋರೀನ್‌ಗೆ ಆ ನಿಯಮಗಳ ಪುಸ್ತಕದ ಮೇಲೆ ಪರೀಕ್ಷೆ ಇಟ್ಟರು. ಮೊದಲ ಸಲ ಫೇಲಾದಳು. ಊಟದ ಹೊತ್ತಿಗೆ ನನ್ನ ಪಕ್ಕ ಕೂತು ಸ್ಯಾಂಡ್‌ವಿಚ್ಚನ್ನು ಮುಟ್ಟದೆ, "ಆರ್ಲೋ, ಬಾಯಿ ತೆಗೆದ್ರೆ ಸಾಕು ನೀರು ಅಂತಲೇ ಬರ್ತದೆ ಕಣೋ. ಇಪ್ಪತ್ತೆರಡು ವರ್ಷ ಅದರ ಮೇಲೇ ಇದ್ದೀನಿ," ಎಂದಳು. ಎರಡನೇ ಸಲ ಹೇಗೋ ಪಾಸಾದಳು.

ಮೇ ತಿಂಗಳಲ್ಲಿ ಹೊಸ ಸವಾರಿ ಶುರುವಾಯಿತು. ಮೊಸಳೆಗಳು ಜೋಡಿ ಹುಡುಕುತ್ತ ಅಲೆಯುವ ಕಾಲ ಅದು. ಎಂಟೋ ಒಂಬತ್ತೋ ಅಡಿಯ ನಿಜವಾದ ಗಂಡೊಂದು ಮಳೆಕಾಲುವೆಯಿಂದ ಒಳಗೆ ಬಂದು, ಮೂರನೇ ಮರಳುಹಂದಿಯ ಪಕ್ಕ ದಡದಲ್ಲಿ ಮಲಗಿತ್ತು. ಸರಣಿಯ ಇಪ್ಪತ್ತು ಅಭಿಮಾನಿಗಳನ್ನು ಕೂರಿಸಿಕೊಂಡು ನೋರೀನ್ ಆ ತಿರುವಿಗೆ ಬಂದಳು. ಕೀಟನ್ ಹಿಂದಿನ ಸೀಟಿನಲ್ಲಿದ್ದ. ನಾನು ಎದುರು ದಡದ ಪೊದೆಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದೆ.

ಮುಂದಿನ ಸಾಲಿನಲ್ಲಿ ನೆಲ ಗುಡಿಸುವಷ್ಟು ಉದ್ದದ ಝಾರ್ಕುನ್ ನಿಲುವಂಗಿ ತೊಟ್ಟ ಡಾಕ್ಟರ್ ವೋಸ್ ಎಂಬ ನಿವೃತ್ತ ದಂತವೈದ್ಯರಿದ್ದರು. ಎದ್ದು ನಿಂತು ಬೆರಳು ತೋರಿಸಿದರು. "ತಪ್ಪು! ಮರಳುಹಂದಿಗೆ ತುಪ್ಪಳ ಇರ್ಬೇಕು. ಇದಕ್ಕೆ ಹೊಲಿಯೋದು ಮರ್ತಿದ್ದೀರಿ."

"ಕೂತ್ಕೊಳ್ಳಿ ಸರ್," ನೋರೀನ್ ಮೆಲ್ಲಗೆ ಹೇಳಿದಳು. "ಅದು... ಬೇರೆ ಥರದ ಹಂದಿ."

"ಎಷ್ಟನೇ ಭಾಗದಲ್ಲಿ ಬರತ್ತೆ? ಹೇಳಿ ನೋಡೋಣ!" ಎನ್ನುತ್ತ ಅವರು ಒಂದು ಕಾಲು ದಡಕ್ಕೇ ಇಟ್ಟುಬಿಟ್ಟರು. ಹಲ್ಲನ್ನಾದರೂ ಪರೀಕ್ಷಿಸಬೇಕೆಂದಿತ್ತೋ ಏನೋ. ಮೊಸಳೆ ಬುಸುಗುಟ್ಟಿ ಬಾಯಿ ತೆರೆಯಿತು.

ನೋರೀನ್ ಹಾರಿ ಅವರ ನಿಲುವಂಗಿಗೆ ಕೈಹಾಕಿ ಎಳೆದು ಕೆಡವಿದಳು. "ದಡ್ಡ ಮುಂಡೇದೇ, ಕೂತ್ಕೊಳ್ಳೋ! ಅದು ಮೊಸಳೆ! ಇದು ನೀರು, ಇದು ದೋಣಿ, ಇದು ಫ್ಲಾರಿಡಾ! ಎಲ್ರೂ ಕೈ ಒಳಗಿಡಿ!" ಉದ್ದನೆಯ ಕೋಲು ಊರಿ ದೋಣಿಯನ್ನು ಹಿಂದಕ್ಕೆ ತಳ್ಳಿದಳು. ಮೊಸಳೆಯ ದವಡೆ ನಿಲುವಂಗಿಯ ಅಂಚಿನ ಮೇಲೆ ಮುಚ್ಚಿಕೊಂಡಿತು. ಬಟ್ಟೆ ಹರಿಯಿತು, ಕಾಲು ಉಳಿಯಿತು.

ಅಭಿಮಾನಿಗಳು ಎದ್ದೆದ್ದು ಚಪ್ಪಾಳೆ ತಟ್ಟಿದರು. ಹಿಂದಿನ ಸೀಟಿನಿಂದ ಕೀಟನ್‌ನ ದನಿ ಕೇಳಿಸಿತು: "ಮೇಡಂ, ನಾಲ್ಕು ಪದ. ನಾಲ್ಕೂ ಪಟ್ಟೀವು."

ಸರ್ಕಾರದ ಕಡೆಯಿಂದ ಮೊಸಳೆ ಹಿಡಿಯುವವನು ಬಂದ. ಜನ ನೋಡುತ್ತಾರೆ, ಈ ನಿಲುವಂಗಿ ಹಾಕಿಕೊಳ್ಳಿ ಎಂದು ಕೀಟನ್ ಬೇಡಿಕೊಂಡ. "ಮೊದ್ಲು ಅದಕ್ಕೆ ಹಾಕಿ ಬಾ, ಆಮೇಲೆ ನಾನು ಹಾಕ್ಕೋತೀನಿ," ಎಂದು ಅವನು ಮೊಸಳೆಯ ಬಾಯಿಗೆ ಟೇಪು ಸುತ್ತಿ ಅದನ್ನು ಎಳೆದುಕೊಂಡು ಹೋದ.

ನೋರೀನ್‌ಳನ್ನು ಕೆಲಸದಿಂದ ತೆಗೆದುಹಾಕುವ ಕಾಗದ ಸಿದ್ಧವಾಗಿತ್ತು. ಅಷ್ಟರಲ್ಲಿ ಡಾಕ್ಟರ್ ವೋಸ್ ಇಂಟರ್‌ನೆಟ್ಟಿನಲ್ಲಿ ಮೂವತ್ತು ಪುಟ ಬರೆದರು. ಆ ಹೆಂಗಸು ಭೂಮಿಯಿಂದ ಗಡಿಪಾರಾಗಿ ಬಂದ ನಾವಿಕಳು, ಬಿಸಿಲಿಗೆ ತಲೆಕೆಟ್ಟು ಮರಳನ್ನೇ ನೀರೆಂದು ತಿಳಿದಿದ್ದಾಳೆ, ಇಡೀ ಸರಣಿಯಲ್ಲಿ ಇಷ್ಟು ದುಃಖದ ಪಾತ್ರ ಇನ್ನೊಂದಿಲ್ಲ ಎಂದು ಸಾಧಿಸಿದ್ದರು. ಲಕ್ಷಾಂತರ ಜನ ಒಪ್ಪಿದರು. ಕಂಪನಿ ನಿಯಮಗಳ ಪುಸ್ತಕಕ್ಕೆ ಆ ಪಾತ್ರದ ಬಗ್ಗೆ ಆರು ಪುಟ ಸೇರಿಸಿತು. ಅವತ್ತಿನ ಮೊಸಳೆಯ ಪಾತ್ರಕ್ಕೆಂದು ನಾನು ಮೂರನೇ ಹಂದಿಯ ತುಪ್ಪಳ ಬಿಚ್ಚಿದೆ.

ಅಂದಿನಿಂದ ಪ್ರತಿ ಸುತ್ತಿನಲ್ಲೂ ನೋರೀನ್ ಅದೇ ಜಾಗದಲ್ಲಿ ಅದೇ ಮಾತು ಕಿರುಚಬೇಕಾಯಿತು. ಬಯ್ಯಿಸಿಕೊಳ್ಳುವ ಮುಂದಿನ ಸೀಟಿಗೆ ಜನ ಮುಗಿಬಿದ್ದರು. ಕೀಟನ್ ದಿನಾ ತಿದ್ದುತ್ತಿದ್ದ.

"ಮೇಡಂ, ನೀವು 'ಕೂತ್ಕೊಳ್ಳೋ ದಡ್ಡ' ಅಂದ್ರಿ. ಮೂಲದಲ್ಲಿ ದಡ್ಡ ಮೊದ್ಲು ಬರತ್ತೆ."

"ಮೂಲ ನಾನೇ ಅಲ್ವೇನೋ!"

"ಅವತ್ತು ನೀವು ನಿಜವಾಗಿ ಹೆದರಿದ್ರಿ. ಈಗ ಅದು ಕಾಣಿಸ್ತಿಲ್ಲ."

ಎರಡನೇ ವಾರದ ಕೊನೆಗೆ ಕೋಲನ್ನು ಅವನ ಕೈಗೆ ಕೊಟ್ಟು ಮನೆಗೆ ಹೋದಳು. ಅವಳ ಜಾಗಕ್ಕೆ ನಾಟಕಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ಬಂದಳು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು. ಎದೆಯ ಬಿಲ್ಲೆಯ ಮೇಲೆ ನೋರೀನ್ ಎಂದೇ ಬರೆದಿದ್ದರು.

ನಮ್ಮ ನೋರೀನ್ ಈಗ ಉತ್ತರದ ಕಡೆ ಒಂದು ನದಿಯಲ್ಲಿ ಕಾರು ದಾಟಿಸುವ ದೋಣಿ ನಡೆಸುತ್ತಾಳೆ. ಆರು ನಿಮಿಷದ ದಾರಿ. ಯಾರಿಗೂ ಏನೂ ಹೇಳಬೇಕಿಲ್ಲ. ಕಳೆದ ತಿಂಗಳು ಹೋಗಿದ್ದೆ. ಆಚೆ ದಡ ಮುಟ್ಟಿದ ಮೇಲೆ ಹಗ್ಗ ಕಟ್ಟುತ್ತ ಕೇಳಿದಳು:

"ಅಲ್ಲಿ ನಾನು ಹೇಗಿದ್ದೀನೋ?"

"ಸುಳ್ಳು ಯಾಕೆ ಹೇಳ್ಲಿ, ನಿನಗಿಂತ ಚೆನ್ನಾಗಿ ಕಿರುಚ್ತಾಳೆ."

ಅವಳಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. "ಚಿಕ್ಕ ವಯಸ್ಸು, ಗಂಟಲು ಗಟ್ಟಿ ಇರತ್ತೆ," ಎಂದು ಕಾರುಗಳನ್ನು ಇಳಿಸಲು ಹೋದಳು.