ಬೆನ್ನು ತಿರುಗಿಸದ ಸದಾಶಿವಯ್ಯ

ಸದಾಶಿವಯ್ಯ ಹಿಂದಕ್ಕೆ ನಡೆಯುತ್ತಿದ್ದರು. ತುಮಕೂರಿನ ಎಂ.ಜಿ. ರಸ್ತೆಯ ಆ ಜವಳಿ ಅಂಗಡಿಯಲ್ಲಿ, ಗಿರಾಕಿಯ ಮುಖದ ಮೇಲೆ ಇಟ್ಟ ಕಣ್ಣನ್ನು ಕೀಳದೆ, ಒಂದೊಂದೇ ಹೆಜ್ಜೆ ಹಿಂದಿಡುತ್ತ ಬೀರುವಿನ ತನಕ ಹೋಗಿ, ಕೈಯೊಂದನ್ನೇ ಬೆನ್ನ ಹಿಂದೆ ಚಾಚಿ, ಸಿಕ್ಕ ಸೀರೆಯನ್ನು ಎಳೆದುಕೊಂಡು ಮುಂದಕ್ಕೆ ಬರುತ್ತಿದ್ದರು. ಎಷ್ಟೋ ಸಲ ಕೇಳಿದ್ದು ಬಿಟ್ಟು ಬೇರೆಯದೇ ಬರುತ್ತಿತ್ತು. ಅವರು ನಾಚಿಕೊಳ್ಳುತ್ತಿರಲಿಲ್ಲ. "ಬಂದದೆ, ಇದನ್ನೂ ಒಂದ್ ಕಿತ ನೋಡ್ಬುಡಿ" ಎಂದು ಹರಡುತ್ತಿದ್ದರು.

ಉಪ್ಪಾರಹಳ್ಳಿಯ ಮನೆಯಲ್ಲೂ ಅದೇ ನಡಿಗೆ. ಹೆಂಡತಿ ಕಲ್ಲಮ್ಮನ ಜೊತೆ ಮಾತಾಡುತ್ತಾ ಮಾತಾಡುತ್ತಾ ಹಿಂದೆ ಸರಿದು ಬಚ್ಚಲ ಹೊಸ್ತಿಲಿಗೆ ಹಿಮ್ಮಡಿ ತಾಕಿಸಿಕೊಳ್ಳುವರು.

"ನಾನೇನು ಗಿರಾಕಿನಾ? ತಿರುಕ್ಕೊಂಡು ನಡೀರಿ" ಎಂದು ಅವಳು ಬೈಯುವಳು.

"ತಿರುಗಿದ್ರೆ ನೀನು ಎದ್ದೋಗ್ಬುಟ್ರೆ?" ಎನ್ನುವರು.

ಇದು ಗುಬ್ಬಿ ಸಂತೆಯಿಂದ ಬಂದ ರೋಗ. ಅವರ ಅಪ್ಪ ಆ ಸಂತೆಯಲ್ಲಿ ನೆಲದ ಮೇಲೆ ಗಂಟು ಬಿಚ್ಚಿ ಬಟ್ಟೆ ಮಾರುತ್ತಿದ್ದವರು. ಅಲ್ಲಿ ಬೆನ್ನು ತಿರುಗಿಸಿ ಒಂದು ಟವೆಲ್ಲು ತೆಗೆಯುವಷ್ಟರಲ್ಲಿ ಗಿರಾಕಿ ಪಕ್ಕದ ಗಂಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಮಗ ಅದನ್ನು ನೋಡುತ್ತ ಬೆಳೆದ. ಬೆಳೆದು, ಬೀರು, ಕೌಂಟರು, ಮೆತ್ತನೆಯ ಸ್ಟೂಲು ಇರುವ ಅಂಗಡಿ ಸೇರಿದ ಮೇಲೂ ಎದುರಿಗೆ ಕೂತವರು ಎದ್ದು ಹೋದಾರು ಎಂಬ ದಿಗಿಲು ಅವರ ಕಾಲಿನಿಂದ ಹೋಗಲಿಲ್ಲ.

ಮನುಷ್ಯ ಸಣಕಲು. ಅಂಗಡಿಯವರು ಕೊಟ್ಟ ಕಾಫಿ ಬಣ್ಣದ ಕೋಟು ಬೇಸಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಅದರ ಎಡಗಡೆ ಜೇಬು ಒಮ್ಮೆ ಕಿತ್ತುಹೋಗಿ, ಕೈಗೆ ಸಿಕ್ಕ ಹಸಿರು ದಾರದಲ್ಲಿ ಅವರೇ ಹೊಲಿದುಕೊಂಡಿದ್ದರು. ಸಾವಿರ ಬಣ್ಣದ ನಡುವೆ ದುಡಿಯುವವರಿಗೆ ಒಂದು ಕಂದು ದಾರ ಸಿಗಲಿಲ್ಲವೇ ಎಂದು ಕಲ್ಲಮ್ಮ ಕೇಳಿದ್ದಳು. ಆ ಜೇಬಿನಲ್ಲಿ ಯಾವಾಗಲೂ ಕಲ್ಲುಸಕ್ಕರೆ. ತಾಯಿ ಸೀರೆ ನೋಡುವಾಗ ರಚ್ಚೆ ಹಿಡಿಯುವ ಮಕ್ಕಳ ಬಾಯಿಗೆ.

ಹೆದರಿಕೆಯಲ್ಲಿ ಎರಡನೆಯದು ಬಣ್ಣದ್ದು. ಲೈಟಿನ ಕೆಳಗೆ ಕಂಡ ಬಣ್ಣ ಊರಿಗೆ ಹೋದ ಮೇಲೆ ಬೇರೆಯಾದರೆ? ಹಾಗೆ ಯೋಚಿಸಿ ಸೀರೆಯನ್ನು ಎರಡೂ ತೋಳಿನ ಮೇಲೆ ಹಾಕಿಕೊಂಡು, ಹಿಂದು ಹಿಂದಕ್ಕೆ ನಡೆದು, ರಸ್ತೆಯ ಬಿಸಿಲಿಗೆ ಹಿಡಿದು ತೋರಿಸಿ, ಗಿರಾಕಿ ಹೂಂ ಎಂದ ಮೇಲೆಯೇ ಬಿಲ್ಲಿಗೆ ಕಳಿಸುವರು. ದೊಡ್ಡ ಯಜಮಾನರ ಕಾಲಕ್ಕೆ ಇದು ನಡೆಯಿತು. ಯಜಮಾನರ ಮಗ ರೇಣುಕಾಪ್ರಸಾದ್ ಬಂದು ಏಸಿ ಹಾಕಿಸಿ, ಗಾಜಿನ ಬಾಗಿಲು ಕೂರಿಸಿ, ಮಾಲು ಬಾಗಿಲು ದಾಟಬಾರದು ಎಂದು ಕಟ್ಟುನಿಟ್ಟು ಮಾಡಿದ. ಸದಾಶಿವಯ್ಯ ತಲೆಯಾಡಿಸಿದರು. ಅವತ್ತೇ ಮಧ್ಯಾಹ್ನ ಸೀರೆ ಹಿಡಿದು ಹಿಂದಕ್ಕೆ ನಡೆದವರು ಗಾಜಿಗೆ ತಲೆ ಕುಟ್ಟಿಕೊಂಡರು. ಮಾರನೆಯ ದಿನ ಮತ್ತೆ ಹೊರಟರು. ಆಮೇಲಿಂದ ರೇಣುಕಾಪ್ರಸಾದ್ ತಡೆಯುವುದು ಬಿಟ್ಟ. ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತದೆ ಕೂಗುತ್ತಿದ್ದ: "ಹಿಂದೆ ಬಾಗ್ಲು, ಸದಾಶಿವಯ್ಯಾ!"

ಇನ್ನೊಂದು ಹಟ ಊಟದ್ದು. ಬೇರೆ ಸೇಲ್ಸ್‌ನವರೆಲ್ಲ ಏನು ಬೇಕಿತ್ತು ಎನ್ನುವ ಕಡೆ ಇವರು "ಊಟ ಆಯ್ತಾ?" ಎನ್ನುವರು. ದೀಪಾವಳಿ ಸೀಸನ್ನಿನಲ್ಲಿ ಗುಬ್ಬಿ, ಕಡಬ, ಕುಣಿಗಲ್ ಕಡೆಯಿಂದ ಮನೆಮಂದಿಯೆಲ್ಲ ಬೆಳಗಿನ ಬಸ್ಸಿಗೆ ಬಂದು, ಎಲ್ಲರಿಗೂ ಬಟ್ಟೆ ಆಗುವ ತನಕ ಬಾಯಿಗೆ ನೀರು ಹಾಕದೆ, ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಆಗ ಅವರು ಕೌಂಟರಿನ ಕೆಳಗಿಂದ ಸ್ಟೀಲು ಡಬ್ಬ ತೆಗೆಯುವರು. ಒಂದರಲ್ಲಿ ಹುಳಿಯವಲಕ್ಕಿ, ಒಂದರಲ್ಲಿ ಕಜ್ಜಾಯ. ಮಾಡಿದ್ದೆಲ್ಲ ಕಲ್ಲಮ್ಮ. ಸೀಸನ್ ಪೂರ್ತಿ ಅವಳು ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲದ ಪಾಕ ಹಿಡಿದು, ಎಣ್ಣೆಯ ಮುಂದೆ ಕೂತಿರಬೇಕು.

"ಊರ್ನೋರಿಗೆಲ್ಲ ಇಕ್ಕಕ್ಕೆ ನಾನೇನು ಛತ್ರ ಇಟ್ಟಿದೀನಾ?"

"ಹಸ್ದೋರ ಕಣ್ಣಿಗೆ ಬಣ್ಣ ನೆಟ್ಟಗೆ ಕಾಣಕ್ಕಿಲ್ಲ ಕಣೇ. ಹಸ್ಕೊಂಡು ತಗಂಡಿದ್ದು ವಾಪಸ್ ಬತ್ತದೆ."

ಸಂಜೆ ಖಾಲಿ ಡಬ್ಬ ಇಟ್ಟು, ಕಡಬದ ಪುಟ್ಟತಾಯಮ್ಮ ನಿನ್ನ ಕಜ್ಜಾಯ ತಿಂದು ಹೀಗಂದರು ಹಾಗಂದರು ಎನ್ನುವರು. ವರ್ಷವರ್ಷವೂ ಅದೇ ಪುಟ್ಟತಾಯಮ್ಮ. ಅಂಥವರು ಯಾರೂ ಇಲ್ಲ, ನನ್ನನ್ನು ಒಲೆ ಮುಂದೆ ಕೂರಿಸಲು ಕಟ್ಟಿದ ಕತೆ ಎಂದು ಕಲ್ಲಮ್ಮ ತಿಳಿದಿದ್ದಳು.

ಸದಾಶಿವಯ್ಯ ಆಷಾಢದಲ್ಲಿ ಹೋದರು. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟರು. ಗೋಡೆಗೆ ಒರಗಿದರು. ಅಷ್ಟೆ. ಹೋಗುವಾಗಲೂ ಅವಳ ಕಡೆಗೇ ಮುಖ ಮಾಡಿ ಕೂತಿದ್ದರು.

ಕುಣಿಗಲ್ಲಿಗೆ ಕೊಟ್ಟ ಮಗಳು ನಂದಿತಾ ಮನೆ ಖಾಲಿ ಮಾಡಿಕೊಂಡು ಬಂದುಬಿಡು ಎಂದಳು. ಅಳಿಯ ಒಳ್ಳೆಯವನೇ. ಆದರೆ ಅಳಿಯನ ಮನೆಯಲ್ಲಿ ಯಾವ ಪಾತ್ರೆ ಎತ್ತಿದರೂ ಸದ್ದಾಗುತ್ತದೆ. ಆ ಸದ್ದಿಗೆ ಹೆದರಿಯೇ ಕಲ್ಲಮ್ಮ ಅಂಗಡಿಗೆ ಹೋಗಿ ರೇಣುಕಾಪ್ರಸಾದನ ಮುಂದೆ ನಿಂತಳು.

"ಸೀಸನ್ನಿಗೆ ಬನ್ನಿ, ಮಡಚೋ ಕೆಲ್ಸ ಇದೆ" ಎಂದ ಅವನು. "ಹಬ್ಬ ಕಳೀಲಿ, ಆಮೇಲೆ ನೋಡೋಣ."

ಹೊಸ ಕೋಟು ಹೊಲಿಸಲು ಟೈಮಿಲ್ಲ ಎಂದು ಸದಾಶಿವಯ್ಯನವರ ಕೋಟನ್ನೇ ಕೊಟ್ಟರು. ಹಸಿರು ದಾರದ ಜೇಬು ಹಾಗೇ ಇತ್ತು. ಜೇಬಿನ ಮೂಲೆಯಲ್ಲಿ ಕಲ್ಲುಸಕ್ಕರೆಯ ಪುಡಿ. ತೋಳು ಉದ್ದ, ಮಡಚಿಕೊಂಡಳು. ಕೊರಳಿನ ತನಕ ಗುಂಡಿ ಹಾಕಿದರೆ ತಾಳಿ ಇಲ್ಲದ್ದು ಕಾಣುವುದಿಲ್ಲ. ಹಣೆಗೆ ವಿಭೂತಿ ಮೊದಲಿಂದಲೂ ಇತ್ತು, ಕುಂಕುಮವೊಂದು ಇರಲಿಲ್ಲ. ಅದು ಕಾಣದಿರಲಿ ಎಂದು ತಲೆ ತಗ್ಗಿಸಿ ಮಡಚುವಳು.

ಅವಳಿಗೆ ಭಯ ಇದ್ದದ್ದು ಇಲ್ಲೇ. ಹಬ್ಬದ ಬಟ್ಟೆ. ಬಾಗಿನದ ಸೀರೆ, ಮದುಮಗಳ ಸೀರೆ. ಯಾರಾದರೂ ಒಬ್ಬರು ತಲೆ ಎತ್ತಿ ನೋಡಿ, ಮುಖ ಸಿಂಡರಿಸಿ, ಪಕ್ಕದಂಗಡಿಗೆ ಎದ್ದು ಹೋದರೆ ಸಾಕು. ಯಜಮಾನರು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಕುಣಿಗಲ್ ಬಸ್ಸು ಹತ್ತಬೇಕು.

ಮಠದ ಅಯ್ಯನವರು ನಮ್ಮಲ್ಲಿ ಸೂತಕ ಅನ್ನುವುದೇ ಇಲ್ಲ, ಹಬ್ಬ ಮಾಡಮ್ಮ ಎಂದಿದ್ದರು. ಪಕ್ಕದ ಮನೆಯ ಸರ್ವಮಂಗಳಮ್ಮ ವರ್ಷ ತುಂಬುವ ತನಕ ಎಣ್ಣೆ ಬಾಂಡ್ಲಿ ಇಡಬೇಡ ಎಂದಳು. ಅಯ್ಯನವರು ಮಠದಲ್ಲಿರುತ್ತಾರೆ, ಸರ್ವಮಂಗಳಮ್ಮ ಗೋಡೆಯಾಚೆ ಇರುತ್ತಾಳೆ. ಕಲ್ಲಮ್ಮ ಬಾಂಡ್ಲಿಯನ್ನು ಅಟ್ಟಕ್ಕೆ ಹಾಕಿದಳು. ಹುಳಿಯವಲಕ್ಕಿಗೆ ಯಾರ ಅಡ್ಡಿಯೂ ಇರಲಿಲ್ಲ. ಕೈ ತಡೆಯದೆ ಅದನ್ನು ದಿನಾ ಕಲಸಿ ಗಂಡನ ಡಬ್ಬದಲ್ಲೇ ತರುವಳು. ತಂದು ಕೌಂಟರಿನ ಕೆಳಗಿಡುವಳು. ತೆಗೆಯಲು ಧೈರ್ಯವಿಲ್ಲ. ಸಂಜೆ ಕೌಂಟರಿನ ಹುಡುಗಿ ರೂಪಶ್ರೀ ಮತ್ತು ಉಳಿದವರು ತಿಂದು ಮುಗಿಸುವರು.

ಹಬ್ಬ ಹತ್ತಿರವಾಯಿತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ರೂಪಶ್ರೀಯ ಮುಂದೆ ಒಂದು ಮದುವೆ ಗುಂಪೇ ಕೂತಿತ್ತು. ಆಗ ಕೆಂಪು ಮುಖದ ದಪ್ಪ ಹೆಂಗಸೊಬ್ಬರು ಜನರನ್ನು ಮೊಣಕೈಯಲ್ಲಿ ಸರಿಸುತ್ತ ಬಂದು ಕಲ್ಲಮ್ಮನ ಎದುರಿನ ಸ್ಟೂಲಿನ ಮೇಲೆ ಉಸ್ಸೆಂದು ಕೂತರು. ಜೊತೆಗೆ ಮೊಬೈಲು ಹಿಡಿದ ಮಗಳು, ಹೊಸ ಕರಿಮಣಿ.

"ಎಲ್ಲವ್ರೆ ನಮ್ಮ ಸದಾಶಿವಯ್ಯನೋರು? ಕಡಬದ ಪುಟ್ಟತಾಯಮ್ಮ ಬಂದವ್ಳೆ ಅನ್ನಿ."

ಕಲ್ಲಮ್ಮನ ಕೈಯಲ್ಲಿದ್ದ ಮಡಿಕೆ ಬಿಚ್ಚಿಕೊಂಡಿತು. ಹಾಗಾದರೆ ಇದ್ದಾರೆ. ಕತೆಯಲ್ಲ.

"ರಜಾ ಹಾಕವ್ರೆ" ಎಂದಳು. ಬಾಯಿಗೆ ಬಂದದ್ದು ಅದೇ.

"ಹಬ್ಬದಾಗೆ ರಜಾನಾ? ಚೆನ್ನಾಗೈತೆ. ಅವ್ರು ಬುಟ್ರೆ ನಂಗೆ ಬಟ್ಟೆ ತೋರ್ಸೋರೇ ಇಲ್ಲ. ನಮ್ಮನೆ ಯಜಮಾನ್ರು ಮೂವತ್ತು ವರ್ಸದಿಂದ ಬೆನ್ನು ತಿರುಗ್ಸಿಕೊಂಡೇ ಮಾತಾಡದು. ಮೊಕ ನೋಡ್ಕಂಡು ಮಾತಾಡೋ ಗಂಡ್ಸು ಅಂದ್ರೆ ನಿಮ್ಮ ಅಯ್ಯನೋರೇಯ. ಹೋಗ್ಲಿ, ನೀವೇ ತೋರ್ಸಿ. ಮಗಳ ಮೊದಲ್ನೇ ದೀಪಾವಳಿ. ಅಳಿಯದೇವ್ರು ಬತ್ತವ್ರೆ."

ರೂಪಶ್ರೀ ಕಣ್ಣಲ್ಲೇ ಬರಲಾರೆ ಎಂದಳು. ಕಲ್ಲಮ್ಮ ಎದ್ದು ಸೀರೆ ತೆಗೆದಳು. ಒಂದೊಂದಾಗಿ ಹರಡಿದಳು. ಮೊದಲ ಹಬ್ಬದ ಹುಡುಗಿ. ಮುಟ್ಟುತ್ತಿರುವ ಕೈ ಯಾರದು ಎಂದು ಇವರಿಗೆ ಗೊತ್ತಿಲ್ಲ. ಹೇಳಿದರೆ ಎದ್ದು ಹೋಗುತ್ತಾರೆ. ಹೇಳದಿದ್ದರೆ, ನಾಳೆ ಯಾರಿಂದಲೋ ತಿಳಿದು, ಮನೆಯಲ್ಲಿ ಯಾರಿಗೋ ನೆಗಡಿಯಾದರೂ ಈ ಕೈಯನ್ನು ನೆನೆಯುತ್ತಾರೆ.

ಮಗಳು ಪ್ರಮೀಳಾ ಮೊಬೈಲಿನ ಚಿತ್ರ ತೋರಿಸಿ, ರಾಶಿಯಿಂದ ಅಂಥದೇ ಗುಲಾಬಿ ಸೀರೆ ಎಳೆದುಕೊಂಡು, ಇದೇ ಬೇಕು ಎಂದಳು. ತಾಯಿ ಗಿಳಿಹಸಿರಿಗೆ ಕೆಂಪಂಚಿನದು ಹಿಡಿದುಕೊಂಡಿದ್ದರು.

"ಅದು ಅಜ್ಜೀರು ಉಡೋದಮ್ಮ!"

"ನಿನ್ನದು ಏನೇ ಅದು, ಐಸ್‌ಕ್ಯಾಂಡಿ ಬಣ್ಣ! ಉಟ್ಟರೆ ಅಳಿಯ ನೆಕ್ಕ್ಬುಟ್ಟಾನು."

"ಅಮ್ಮಾ, ಮಾನ ಕಳೀಬೇಡ! ನಾನು ಬಸ್‌ಸ್ಟ್ಯಾಂಡಿಗೆ ಹೋಯ್ತೀನಿ."

ಹುಡುಗಿಯ ತುಟಿ ಒಣಗಿತ್ತು. ಕಲ್ಲಮ್ಮ ಅದನ್ನು ಕಂಡಳು. ಕಂಡದ್ದೇ ತಡ, ತಾನು ಆಡಬೇಕೆಂದುಕೊಂಡಿರದ ಮಾತು ತನ್ನ ಬಾಯಿಂದಲೇ ಬಂತು.

"ಊಟ ಆಯ್ತಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಬೆಳಗಿನ ಬಸ್ಸು. ಆಗಿರಲಿಲ್ಲ. ಕಲ್ಲಮ್ಮ ಬಗ್ಗಿ ಡಬ್ಬ ತೆಗೆದಳು. ಹುಡುಗಿ ಗಬಗಬ ತಿಂದಳು. ಪುಟ್ಟತಾಯಮ್ಮ ಒಂದು ತುತ್ತು ಹಾಕಿಕೊಂಡು ಕಣ್ಣು ಮುಚ್ಚಿದರು.

"ಅಯ್ಯನೋರ ಮನೇದೇ! ರಜಾ ಹಾಕಿದ್ರೂ ಡಬ್ಬ ಕಳಿಸವ್ರೆ ನೋಡು ಪುಣ್ಯಾತ್ಮ. ಎಲ್ಲಿ, ಕಜ್ಜಾಯದ ಡಬ್ಬ ಈಚೆಗೆ ತೆಗೀರಿ. ನಂಗೊತ್ತು, ಅಡಗ್ಸಿಕ್ಕಿರ್ತೀರ."

"ಕಜ್ಜಾಯ ಇಲ್ಲ."

"ದೀಪಾವಳೀಲಿ ಕಜ್ಜಾಯ ಇಲ್ವಾ? ಯಾಕೆ, ಆ ತಾಯಿಗೆ ಮೈ ಸರಿಯಿಲ್ವಾ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಬೆಲ್ಲ ಚೆನ್ನಾಗಿರಲಿಲ್ಲ, ಪಾಕ ಕೆಟ್ಟಿತು, ಏನಾದರೂ. ಆದರೆ ಪಾಕ ಕೆಟ್ಟಿತು ಎಂದು ಅವಳು ಯಾವತ್ತೂ ಹೇಳಿದವಳಲ್ಲ.

"ಮೈ ಸರಿಯಿದೆ" ಎಂದಳು. "ಈ ವರ್ಷ ನಮ್ಮನೇಲಿ ಬಾಂಡ್ಲಿ ಇಡಂಗಿಲ್ಲ."

ಪ್ರಮೀಳಾ "ಯಾಕೆ?" ಎಂದಳು. ತಾಯಿ ಅವಳ ತೊಡೆಗೆ ಚಿವುಟಿದರು. ಪುಟ್ಟತಾಯಮ್ಮನ ಕಣ್ಣು ಕಲ್ಲಮ್ಮನ ಹಣೆಗೆ ಬಂತು. ಅಲ್ಲಿಂದ ಕೋಟಿಗೆ. ಕೋಟಿನಿಂದ ಹಸಿರು ದಾರದ ಜೇಬಿಗೆ. ಅಲ್ಲೇ ನಿಂತಿತು.

"ಆಷಾಢದಲ್ಲಿ ಹೋದ್ರು" ಎಂದಳು ಕಲ್ಲಮ್ಮ. "ರಜಾ ಅಂದಿದ್ದು ಸುಳ್ಳು. ನಾನು ಮುಟ್ಟಿದ್ದು ಬ್ಯಾಡಾಂದ್ರೆ ಬುಡಿ, ಬೇಜಾರಿಲ್ಲ. ಆ ಹುಡ್ಗಿ ಬಂದು ಬೇರೇದು ತೋರಿಸ್ತಾಳೆ. ಮೊದಲನೇ ಹಬ್ಬ. ನಿಮಗೆ ಗೊತ್ತಿಲ್ದಂಗೆ ಆಗಬಾರ್ದು."

ರೂಪಶ್ರೀಯ ಕೈ ನಿಂತಿತು. ಗಲ್ಲಾಪೆಟ್ಟಿಗೆಯ ಕಡೆಯಿಂದ ರೇಣುಕಾಪ್ರಸಾದ್ ಇತ್ತ ನೋಡುತ್ತಿದ್ದ. ಪುಟ್ಟತಾಯಮ್ಮನ ಅಂಗೈಯಲ್ಲಿ ಅರ್ಧ ತುತ್ತು ಹಾಗೇ ಇತ್ತು. ಅವರಿಗೂ ಹೆದರಿಕೆಯೇ. ಮುಖದಲ್ಲಿ ಕಾಣುತ್ತಿತ್ತು. ಮಗಳ ಕರಿಮಣಿಯನ್ನೊಮ್ಮೆ ನೋಡಿದರು. ಸೀರೆಯ ರಾಶಿಯನ್ನು ನೋಡಿದರು. ಕಲ್ಲಮ್ಮ ಡಬ್ಬದ ಮುಚ್ಚಳ ಹುಡುಕತೊಡಗಿದಳು. ಕೈಗೆ ಸಿಗಲಿಲ್ಲ.

ಆಮೇಲೆ ಪುಟ್ಟತಾಯಮ್ಮ ಆ ಅರ್ಧ ತುತ್ತನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು, ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಆ ಗುಲಾಬಿನೇ ಇರ್ಲಿ" ಎಂದರು. "ಹುಡ್ಗಿ ಆಸೆ. ಆದ್ರೆ ಬಿಸ್ಲಲ್ಲಿ ನೋಡಿಲ್ಲ. ಅಯ್ಯನೋರು ಬಿಸ್ಲಿಗೆ ಹಿಡೀದೆ ನಂಗೊಂದು ಕರ್ಚೀಪೂ ಕೊಟ್ಟೋರಲ್ಲ. ತಗಳಿ ಕೈಗೆ. ನಡೀರಿ ಈಚೆಗೆ."

ಮಾಲು ಬಾಗಿಲು ದಾಟಬಾರದು. ಕಲ್ಲಮ್ಮ ಗಲ್ಲಾಪೆಟ್ಟಿಗೆ ಕಡೆ ನೋಡಿದಳು. ರೇಣುಕಾಪ್ರಸಾದ್ ತಲೆ ತಗ್ಗಿಸಿಬಿಟ್ಟಿದ್ದ. ಹೋಗಲಿ ಎಂದೋ, ಬೇಡ ಎಂದೋ ತಿಳಿಯಲಿಲ್ಲ. ಸೀರೆಯನ್ನು ಎರಡೂ ತೋಳಿನ ಮೇಲೆ ಹಾಕಿಕೊಂಡಳು. ತಿರುಗಿ ನಡೆಯಬೇಕು. ತಿರುಗಲು ಆಗಲಿಲ್ಲ. ಬೆನ್ನು ಕೊಟ್ಟರೆ ಈ ತಾಯಿ ಮಗಳು ಮನಸ್ಸು ಬದಲಿಸಿ ಹಿಂದಿನಿಂದಲೇ ಕರಗಿ ಹೋದಾರು ಎನಿಸಿತು. ಅವರ ಮುಖದ ಮೇಲಿಟ್ಟ ಕಣ್ಣನ್ನು ಕೀಳದೆ ಒಂದು ಹೆಜ್ಜೆ ಹಿಂದಿಟ್ಟಳು. ಇನ್ನೊಂದು. ಜನ ಸರಿದು ದಾರಿ ಬಿಟ್ಟರು. ಉದ್ದದ ಕೋಟು ಕಾಲಿಗೆ ತೊಡರುತ್ತಿತ್ತು.

"ಹಿಂದೆ ಬಾಗ್ಲು, ಕಲ್ಲಮ್ಮಾ!"

ರೇಣುಕಾಪ್ರಸಾದನ ದನಿ. ಅವನು ತಲೆ ಎತ್ತಿರಲಿಲ್ಲ. ಅವಳು ಭುಜದಿಂದ ಗಾಜನ್ನು ತಳ್ಳಿದಳು. ಬೆನ್ನಿಗೆ ಬಿಸಿಲು ಬಿತ್ತು.

ಹಬ್ಬ ಕಳೆದ ಮೇಲೆ ಏನು ಎಂದು ಅವನು ಅವತ್ತೂ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಮಾರನೆಯ ದಿನ ಡಬ್ಬ ಮಾತ್ರ ಕೌಂಟರಿನ ಮೇಲಿತ್ತು.

ಸದಾಶಿವಯ್ಯನಂಥವರು ಪ್ರತಿ ಅಂಗಡಿ ಸಾಲಿನಲ್ಲೂ ಒಬ್ಬರಾದರೂ ಇರುತ್ತಾರೆ. ಅಂಗಡಿ ಅವರದಲ್ಲ, ಮಾಲು ಅವರದಲ್ಲ. ಎದುರಿಗೆ ಕೂತವರು ಹಸಿದು ಎದ್ದು ಹೋದಾರು ಎಂಬ ದಿಗಿಲು ಒಂದೇ ಅವರ ಸ್ವಂತದ್ದು. ಹಿಂದೆ ಬಾಗಿಲಿದೆಯೋ, ಗೋಡೆಯಿದೆಯೋ, ಹೊಸ್ತಿಲಿದೆಯೋ ಅವರು ನೋಡಿಕೊಳ್ಳುವುದಿಲ್ಲ. ಎದುರಿನ ಮುಖ ನೋಡುತ್ತ ನೋಡುತ್ತಲೇ ಹಿಂದೆ ಸರಿದು, ಒಂದು ದಿನ ಕಾಣದಾಗುತ್ತಾರೆ. ಅವರು ಬದುಕಿರುವ ತನಕ ಯಾರಾದರೂ ಹಿಂದಿನಿಂದ ಎಚ್ಚರಿಸಿ ಕೂಗುತ್ತಿರಬೇಕು. ಕೂಗಿ ಕೂಗಿ ಬೇಸತ್ತವರಿಗೇ, ಅವರು ಹೋದ ಮೇಲೆ, ಆ ನಡಿಗೆ ಬರುತ್ತದೆ.